ನಾನು ಅಪ್‌ಡೇಟ್ ಕೇಳಿದ್ದೆನಾ?

ಕೇಳಿರಲಿಲ್ಲ. ಕಂಪ್ಯೂಟರಿನಲ್ಲಿ ಚಿತ್ರ ತೋರಿಸುವ ಗ್ರಾಫಿಕ್ಸ್ ಕಾರ್ಡ್ ಸರಿಯಾಗೇ ಕೆಲಸ ಮಾಡುತ್ತಿತ್ತು. ರಾತ್ರಿ ತಾನಾಗೇ ಹೊಸ ಡ್ರೈವರ್, ಅಂದರೆ ಕಾರ್ಡ್ ನಡೆಸುವ ಸಾಫ್ಟ್‌ವೇರ್, ಇಳಿದು ಕೂತಿದೆ. ಇವತ್ತು ಮಧ್ಯಾಹ್ನ ಮನೆ ತುಂಬ ಜನರ ಮುಂದೆ ನನ್ನ ಮರ್ಯಾದೆ ಹೋಯಿತು.

ಆಳಂದದಿಂದ ಹುಡುಗಿ ಕಡೆಯವರು ಬಂದಿದ್ದರು. ಅವಳ ಕಾಕಾ, ಅವ್ವ, ಜೊತೆಗೆ ವಯಸ್ಸಾದ ಆಯಿ. ನಾನು ಎಡಿಟ್ ಮಾಡಿದ ಅವಳ ಮದುವೆ ವಿಡಿಯೊ ನೋಡಿ ಒಪ್ಪಿದರೆ ಬಾಕಿ ದುಡ್ಡು ಕೊಟ್ಟು ಪೆನ್‌ಡ್ರೈವ್ ಒಯ್ಯುವ ಮಾತಾಗಿತ್ತು. ಅರಿಶಿನ, ಮೆರವಣಿಗೆ ಎಲ್ಲ ಚೆನ್ನಾಗಿ ಓಡಿತು. ಮಂಗಳಾಷ್ಟಕ ಶುರುವಾಯಿತು. ಆಯಿ ಕನ್ನಡಕ ಒರೆಸಿಕೊಂಡು ಮುಂದೆ ಸರಿದು ಕೂತರು. ಅಕ್ಷತೆ ಹಿಡಿದು ಎತ್ತಿದ ಕೈಗಳು ಕಂಡವು, ಅಷ್ಟೇ. ಸ್ಕ್ರೀನ್ ಕಪ್ಪು. ಬಾಜಾ ಕೇಳುತ್ತಿದೆ, ಚಿತ್ರ ಇಲ್ಲ. ತಾಳಿ ಕಟ್ಟುವ ಹೊತ್ತಿಗೆ ಕತ್ತಲು! "ಅಯ್ಯ ಶಿವನೇ, ಇದೇನಾತೋ" ಎಂದು ಆಯಿ ಎದೆ ಮೇಲೆ ಕೈ ಇಟ್ಟುಕೊಂಡರು. ನಾನು ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಿದೆ. ಹಾಗೆ ಒತ್ತಿದರೆ ಡ್ರೈವರ್ ಮತ್ತೆ ಶುರುವಾಗುತ್ತದೆ. ಬೀಪ್ ಬಂತು, ಸ್ಕ್ರೀನ್ ಬಂತು, ಎಡಿಟಿಂಗ್ ಸಾಫ್ಟ್‌ವೇರ್ ಮಾತ್ರ ಮುಚ್ಚಿಹೋಗಿತ್ತು. ಮತ್ತೆ ತೆರೆದೆ. ಅದೇ ಅಕ್ಷತೆ, ಮತ್ತೆ ಕಪ್ಪು.

ಆಗ ಕಾಕಾ ಎದ್ದು ನಿಂತರು. "ತಮ್ಮಾ, ನಿನಗ ಬರಲ್ಲಂದ್ರ ಮೊದಲೇ ಹೇಳಬೇಕಿತ್ತು. ಬ್ಯಾರೇದವರಿಗಿ ಕೊಡ್ತಿದ್ದೆವು." ನನ್ನ ಅವ್ವ ಚಹಾ ತಂದು ನಿಂತಿದ್ದಳು. ಅವಳ ಮುಂದೆಯೇ ಅಂದರು. ಚಹಾ ಯಾರೂ ಮುಟ್ಟಲಿಲ್ಲ. ಇಷ್ಟು ವರ್ಷದಿಂದ ಇದೇ ಕೆಲಸ ಮಾಡಿ ಮನೆ ನಡೆಸುತ್ತಿದ್ದೇನೆ. ನನಗೆ ಕೆಲಸ ಬರುವುದಿಲ್ಲವಾ?

ಅವರು ಹೋದ ಮೇಲೆ ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆರೆದೆ. ತೊಂದರೆಯ ನಂಬರ್ 4101. ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡುವುದನ್ನು ನಿಲ್ಲಿಸಿತ್ತು, ಈಗ ಸರಿಹೋಗಿದೆ ಎಂದು ಬರೆದಿತ್ತು. ಕಾರ್ಡ್ 2 ಸೆಕೆಂಡ್ ಸುಮ್ಮನಾದರೆ ವಿಂಡೋಸ್ ಡ್ರೈವರನ್ನು ನಿಲ್ಲಿಸಿ ಮತ್ತೆ ಶುರು ಮಾಡುತ್ತದೆ. ವಿಂಡೋಸ್ ಸೆಟ್ಟಿಂಗ್ ಇಡುವ ರಿಜಿಸ್ಟ್ರಿಯಲ್ಲಿ ಆ ಸಮಯ ಹೆಚ್ಚಿಸಬಹುದು. ಹೆಚ್ಚಿಸಿದರೆ ಕಾಯುವುದು ಜಾಸ್ತಿ ಆಗುತ್ತದೆ, ಕೆಟ್ಟ ಡ್ರೈವರ್ ಒಳ್ಳೆಯದಾಗುತ್ತದಾ?

ಸೂಪರ್ ಮಾರ್ಕೆಟ್‌ನ ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಹಚ್ಚಿದೆ. "ಕಲಬುರಗಿ ಬಿಸಲ್ರಿ ಅಣ್ಣಾ, ಕಾರ್ಡ್ ಕಾದಿರ್ತದ" ಅಂದ. ನಮ್ಮ ಊರಲ್ಲಿ ಏನು ಕೆಟ್ಟರೂ ಒಂದೋ ಬಿಸಿಲು, ಇಲ್ಲಾ ಕರೆಂಟು. ಕಪ್ಪಾಗುವಾಗ ಕಾರ್ಡ್ 60 ಡಿಗ್ರಿಯೂ ಮುಟ್ಟಿರಲಿಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಅದು ಬಿಸಿಯೇ ಅಲ್ಲ. ಹೋದ ಮೇ ತಿಂಗಳಲ್ಲಿ, ಹೊರಗೆ 42 ಡಿಗ್ರಿ ಬಿಸಿಲಿದ್ದಾಗ, ಇದೇ ಕಾರ್ಡ್ ಇದೇ ಕೋಣೆಯಲ್ಲಿ ತಾಸುಗಟ್ಟಲೆ ರೆಂಡರ್ ಮಾಡಿದೆ. ಆಗ ಯಾಕೆ ಕಪ್ಪಾಗಲಿಲ್ಲ?

ಕಾರ್ಡ್ ಕಂಪನಿಯ ಚಾಟ್‌ನಲ್ಲಿ ಕೇಳಿದರೆ ಡ್ರೈವರ್ ತೆಗೆದು ಮತ್ತೆ ಹಾಕಿ ಅಂದರು. ಸೇಫ್ ಮೋಡ್‌ಗೆ ಹೋಗಿ, ಡ್ರೈವರ್ ಪೂರ್ತಿ ಅಳಿಸುವ ಡಿಡಿಯು ಎಂಬ ಸಾಫ್ಟ್‌ವೇರ್ ಓಡಿಸಿ, ಒಂದು ಫೈಲ್ ಉಳಿಯದಂತೆ ತೆಗೆದು ಹೊಸದನ್ನೇ ಹಾಕಿದೆ. ಅದೇ ಕಪ್ಪು. ಹಳೆ ಡ್ರೈವರ್ ಹಾಕಿದೆ. ಮದುವೆ ಮೊದಲಿಂದ ಕೊನೆಯವರೆಗೆ ಓಡಿತು. ಇನ್ನೇನು ಸಾಕ್ಷಿ ಬೇಕು? ಇದನ್ನೂ ಬರೆದು ಕಳಿಸಿದೆ. ಚಾಟ್ ಮುಚ್ಚಿಬಿಟ್ಟರು.

ಹೋಗಲಿ, ಹಳೆಯದರಲ್ಲೇ ಇದ್ದುಬಿಡೋಣ ಅನ್ನಿಸುತ್ತದೆ. ಅಷ್ಟು ದೊಡ್ಡ ಕಂಪನಿ ಜೊತೆ ನಾನೇನು ಜಗಳಾಡಲಿ. ಆದರೆ ಯಾಕೆ ಬಿಡಬೇಕು? ಕಾರ್ಡಿನ ಕಂತು ಇನ್ನೂ ಕಟ್ಟುತ್ತಿದ್ದೇನೆ. ಡ್ರೈವರ್ ಹೊರಗೆ ಬಿಡುವ ಮುಂಚೆ ಒಂದು ವಿಡಿಯೊ ಪೂರ್ತಿ ಓಡಿಸಿ ನೋಡಬಾರದಾ? ಅದನ್ನು ಬರೆದವರು ಆಳಂದಕ್ಕೆ ಬಂದು, ಅಮ್ಮಾ ಇದು ಅಪಶಕುನ ಅಲ್ಲ, ನಮ್ಮ ತಪ್ಪು ಅಂತ ಆ ಆಯಿಗೆ ಹೇಳುತ್ತಾರಾ? ಯಾರಾದರೂ ಒಬ್ಬರು ಉತ್ತರ ಕೊಡಿ.

ಕಾಕಾ ಫೋನ್ ಎತ್ತುತ್ತಿಲ್ಲ. ಡ್ರೈವರ್ ತಾನಾಗಿ ಬರದಂತೆ ತಡೆಯುವುದು ಗೊತ್ತಿದ್ದವರು ದಯವಿಟ್ಟು ಹೇಳಿ. ನನ್ನದು ವಿಂಡೋಸ್ ಹೋಮ್, ಇಂಥದ್ದನ್ನು ತಡೆಯುವ ಗ್ರೂಪ್ ಪಾಲಿಸಿ ಎಡಿಟರ್ ಇದರಲ್ಲಿ ಇಲ್ಲ. ನಾಳಿದ್ದು ಸೇಡಂನಿಂದ ಇನ್ನೊಂದು ಮದುವೆಯವರು ಬರುತ್ತಾರೆ.