ಆ ‘ಢಂ’ ಒಂದೇ ಸಲ ಆಗೋದಲ್ಲ
ಯುದ್ಧವಿಮಾನಗಳ ಬಗ್ಗೆ ಚೆನ್ನಾಗಿ ಬರೆದಿದ್ದೀರಿ, ಆದರೆ ಶಬ್ದದ ವೇಗ ದಾಟುವ ಕ್ಷಣದಲ್ಲಿ ಮಾತ್ರ ‘ಢಂ’ ಅನ್ನುತ್ತದೆ ಎಂದಿದ್ದೀರಲ್ಲ, ಅದು ಹಾಗಲ್ಲ. ಆ ವೇಗಕ್ಕಿಂತ ಜಾಸ್ತಿ ಹಾರುವಷ್ಟು ಹೊತ್ತೂ ಒತ್ತಡದ ಅಲೆಯೊಂದು ವಿಮಾನದ ಬೆನ್ನಿಗೇ ಇರುತ್ತದೆ, ಕೆರೆಯಲ್ಲಿ ದೋಣಿ ಜೋರಾಗಿ ಹೋದಾಗ ಹಿಂದೆ ನೀರು ಎರಡು ಕಡೆ ಸೀಳಿಕೊಂಡು ಬರುತ್ತದಲ್ಲ, ಹಾಗೆ. ಅದು ನಮ್ಮನ್ನು ಹಾದುಹೋದಾಗ ನಮಗೆ ಕೇಳುತ್ತದೆ, ಮುಂದಿನ ಊರಿನವರಿಗೆ ಸ್ವಲ್ಪ ಆಮೇಲೆ. ಒಳಗೆ ಕೂತ ಪೈಲಟ್‌ಗೆ ಕೇಳುವುದೇ ಇಲ್ಲ!

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಕಿಟಕಿಗಳು ಅದುರಿದ್ದು ನೆನಪಿದೆಯಾ? ಭೂಕಂಪ ಅಂತ ಎಷ್ಟೋ ಜನ ಹೆದರಿದ್ದರು. ವಾಯುಪಡೆಯ ಪರೀಕ್ಷಾ ಹಾರಾಟ ಅದು, ವಿಮಾನ ಇದ್ದದ್ದು ಊರಿನ ಹೊರಗೆ ಎಲ್ಲೋ ದೂರ. 36,000ದಿಂದ 40,000 ಅಡಿ ಎತ್ತರದಲ್ಲಿ ವೇಗ ಇಳಿಸುವಾಗ ಬಂದ ಸದ್ದಿರಬೇಕು ಎಂದು ರಕ್ಷಣಾ ಇಲಾಖೆಯೇ ಹೇಳಿತು. ನೋಡಿ, ದಾಟುವಾಗ ಅಲ್ಲ, ಇಳಿಸುವಾಗ.

ಮತ್ತೆ ಶಬ್ದದ ವೇಗ ಗಂಟೆಗೆ 1,225 ಕಿ.ಮೀ. ಅನ್ನುವುದು ಸುಮ್ನೆ ನೆಲಮಟ್ಟದ ಲೆಕ್ಕ. ಅಷ್ಟೆತ್ತರದ ಚಳಿಯಲ್ಲಿ ಶಬ್ದದ ವೇಗವೇ ಸುಮಾರು 1,060ಕ್ಕೆ ಇಳಿಯುತ್ತದೆ.