ದಿನಕ್ಕೆ ಎಷ್ಟು ಕಾಲ್ ಕ್ಲೋಸ್ ಆಯ್ತು?

ಏಪ್ರಿಲ್ ಬಂತೆಂದರೆ ಬೆಂಗಳೂರಿನಲ್ಲಿ ಏಸಿ ಫಿಟ್ ಮಾಡುವ ಹುಡುಗರಿಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಡೀಲರ್ ಒಬ್ಬರ ಬಳಿ ಇವರಿಗೆ ಕಾಲ್ ಹಂಚುವುದು ನನ್ನ ಕೆಲಸ. ಕಾಲ್ ಅಂದರೆ ಒಂದು ಮನೆಯ ಕೆಲಸ. ಸಂಜೆಯಾದರೆ ಮೇಲಿನವರು ಕೇಳುವುದು ಒಂದೇ: ಇವತ್ತು ಎಷ್ಟು ಕಾಲ್ ಕ್ಲೋಸ್ ಆಯ್ತು? ಈ ಲೆಕ್ಕ ಕಂಡರೆ ನನಗೆ ಸಿಟ್ಟು.

ಸ್ಪ್ಲಿಟ್ ಏಸಿಯನ್ನು ಸರಿಯಾಗಿ ಕೂರಿಸಲು ಇಬ್ಬರಿಗೆ ಎರಡು-ಮೂರು ಗಂಟೆ ಬೇಕು. ಗೋಡೆಗೆ ತೂತು, ಸ್ಟ್ಯಾಂಡ್, ತಾಮ್ರದ ಪೈಪ್, ನೀರು ಹೋಗುವ ಪೈಪ್, ವೈರಿಂಗ್. ಇವು ಕೆಟ್ಟರೆ ಕಣ್ಣಿಗೇ ಕಾಣುತ್ತವೆ. ಕಾಣದೇ ಇರುವುದು ಕೊನೆಯ ಕೆಲಸ. ಪೈಪ್ ಜೋಡಿಸಿದ ಮೇಲೆ ಒಳಗಿನ ಗಾಳಿ, ತೇವ ಎಲ್ಲವನ್ನೂ ವ್ಯಾಕ್ಯೂಮ್ ಪಂಪ್‌ನಿಂದ ಎಳೆಯಬೇಕು. ಅದಕ್ಕೇ 15–20 ನಿಮಿಷ. ಆಮೇಲೆ ಪಂಪ್ ನಿಲ್ಲಿಸಿ, ಗೇಜ್ ಮುಳ್ಳು ಏರುತ್ತದಾ ಅಂತ ನೋಡುತ್ತಾ ಕೂರಬೇಕು. ಏರಿದರೆ ಎಲ್ಲೋ ಲೀಕ್ ಇದೆ.

ಮುಂದಿನ ಮನೆಯವರು ಮೂರು ಸಲ ಫೋನ್ ಮಾಡಿ ಆಗಿದ್ದರೆ ಹುಡುಗ ಸಮಯ ಉಳಿಸುವುದು ಇಲ್ಲೇ. ಹೊರಗಿನ ಯೂನಿಟ್‌ನ ವಾಲ್ವ್ ಸ್ವಲ್ಪ ತಿರುಗಿಸಿ, ಅದರಲ್ಲಿರುವ ಗ್ಯಾಸ್‌ನಿಂದಲೇ ಪೈಪಿನ ಗಾಳಿಯನ್ನು ಹೊರಗೆ ತಳ್ಳಿ, ನಟ್ ಬಿಗಿದುಬಿಡುತ್ತಾನೆ. ಕ್ಷಣದ ಕೆಲಸ. ಈಗಿನ ಹೆಚ್ಚಿನ ಏಸಿಗಳಲ್ಲಿರುವ ಆರ್-32 ಗ್ಯಾಸ್ ಬೆಂಕಿ ಹೊತ್ತಿಕೊಳ್ಳಬಲ್ಲದ್ದು ಬೇರೆ. ತಣ್ಣನೆ ಗಾಳಿ ಬಂತು, ಮನೆಯವರು ಓಟಿಪಿ ಕೊಟ್ಟರು, ಕಾಲ್ ಕ್ಲೋಸ್.

ಆಮೇಲೆ ಕೂಲಿಂಗ್ ಸಾಲದು ಅಂತ ಅದೇ ಮನೆಯಿಂದ ಫೋನ್ ಬಂದರೆ ಅದು ಹೊಸ ಕಂಪ್ಲೇಂಟ್. ಬೇರೆ ಹುಡುಗ ಹೋಗಿ ಗ್ಯಾಸ್ ತುಂಬಿ ಬರುತ್ತಾನೆ. ಲೆಕ್ಕದಲ್ಲಿ ಎರಡು ಕಾಲ್ ಕ್ಲೋಸ್! ಕೆಲಸ ಕೆಟ್ಟಷ್ಟೂ ನಮ್ಮ ಸಾಧನೆ ಜಾಸ್ತಿ.

ಹಾಗಂತ ಹುಡುಗರನ್ನು ಬೈಯಲು ನನಗೆ ಮನಸ್ಸಿಲ್ಲ. ಬಹಳ ಜನಕ್ಕೆ ಸಂಬಳವಿಲ್ಲ, ಕಾಲ್‌ಗೆ ಇಷ್ಟು ಅಂತ ದುಡ್ಡು. ಮಾರ್ಚ್‌ನಿಂದ ಮೇ ತನಕ ದುಡಿದದ್ದೇ ದುಡಿಮೆ. ಮಳೆ ಹಿಡಿದ ಮೇಲೆ ಕರೆಯುವವರಿಲ್ಲ. ಆಗದು ಅಂತ ಗೊತ್ತಿದ್ದರೂ ಇನ್ನೊಂದು ಕಾಲ್‌ಗೆ ಹೂಂ ಅನ್ನುತ್ತಾರೆ.

ನಿಜವಾಗಿ ಸಮಯ ಹೋಗುವುದು ಅವರ ಕೈಯಲ್ಲಿ ಅಲ್ಲ. ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2024ರ ವರದಿ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ. ಬೆಳಿಗ್ಗೆ ಯಲಹಂಕ, ಮಧ್ಯಾಹ್ನ ಊರಿನ ಇನ್ನೊಂದು ತುದಿಯ ಸರ್ಜಾಪುರ ರಸ್ತೆ ಅಂತ ಕಾಲ್ ಹಾಕುವವರು ಒಂದು ದಿನ ಡ್ರಿಲ್ಲಿಂಗ್ ಮಿಷಿನ್, ಪಂಪ್ ಹೊತ್ತು ಆ ಬೈಕಿನಲ್ಲಿ ಹಿಂದೆ ಕೂತು ನೋಡಬೇಕು. ತಲುಪಿದರೆ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಒಳಗೆ ಬಿಡಲು ಅಪ್ರೂವಲ್ ಬಂದಿಲ್ಲ. ಮಧ್ಯಾಹ್ನ ಡ್ರಿಲ್ ಮಾಡುವ ಹಾಗಿಲ್ಲ ಅಂತ ಅಸೋಸಿಯೇಷನ್ ನಿಯಮ. ಕೆಲವು ಕಡೆ ಏಸಿಯೇ ಡೆಲಿವರಿ ಆಗಿರುವುದಿಲ್ಲ, ಇಲ್ಲವೇ ಗೋಡೆಯಲ್ಲಿ ಏಸಿಗೆ ಪಾಯಿಂಟೇ ಇರುವುದಿಲ್ಲ. ವಾಪಸ್. ಕಾಲ್ ಪೆಂಡಿಂಗ್, ಕೈಗೆ ಕಾಸಿಲ್ಲ, ಪೆಟ್ರೋಲ್ ಮಾತ್ರ ಅವನದ್ದು.

ಅದಕ್ಕೇ ನಾನು ಹಿಂದಿನ ದಿನವೇ ಮನೆಯವರಿಗೆ ಫೋನ್ ಮಾಡುತ್ತೇನೆ. ಪಾಯಿಂಟ್, ಗೋಡೆ, ಹೊರಗಿನ ಯೂನಿಟ್ ಇಡುವ ಜಾಗ, ಮೂರರ ಫೋಟೊ ವಾಟ್ಸಾಪ್ ಮಾಡಿ ಅನ್ನುತ್ತೇನೆ. ಸುಮ್ನೆ ಫೋನಿನಲ್ಲಿ ಟೈಮ್ ಕಳೀತಾನೆ ಅಂತ ಆಫೀಸಿನಲ್ಲಿ ಗೊಣಗಾಟ ಇದ್ದದ್ದೇ. ಒಬ್ಬನಿಗೆ ಒಂದೇ ಏರಿಯಾದ ಕಾಲ್ ಕೊಟ್ಟರೆ ಮೂರು ಮನೆ ನೆಮ್ಮದಿಯಾಗಿ ಮುಗಿಯುತ್ತವೆ. ತಿಂಗಳೊಳಗೆ ಕಂಪ್ಲೇಂಟ್ ಬಂದರೆ ಅದನ್ನು ಹೊಸ ಕಾಲ್ ಅಂತ ಎಣಿಸಬೇಡಿ, ಸುಮ್ಮನೆ ಹೋಗಿ ಬಂದ ಕಾಲ್‌ಗೂ ಪೆಟ್ರೋಲ್ ದುಡ್ಡು ಕೊಡಿ ಅಂತ ಕೇಳುತ್ತಲೇ ಇದ್ದೇನೆ. ದುಡ್ಡಿಲ್ಲವಂತೆ. ಎರಡನೇ ಸಲ ಗ್ಯಾಸ್ ತುಂಬಲು ಇರುತ್ತದೆ, ಅಲ್ವಾ?

ಈ ಸಲ ಏಸಿ ತಗೊಳ್ಳುವವರು ಪಾಯಿಂಟ್ ಮೊದಲೇ ಹಾಕಿಸಿಡಿ, ಡ್ರಿಲ್ಲಿಂಗ್ ಸಮಯ ವಿಚಾರಿಸಿಡಿ. ಹುಡುಗ ಬಂದಾಗ ವ್ಯಾಕ್ಯೂಮ್ ಪಂಪ್ ತಂದಿದ್ದೀಯಾ ಅಂತ ಕೇಳಿ. ಅದು ಓಡುವಷ್ಟು ಹೊತ್ತು ಅವನಿಗೊಂದು ಕಾಫಿ ಕೊಟ್ಟು ಕೂರಿಸಿ. ಓಟಿಪಿ ಆಮೇಲೆ ಕೊಟ್ಟರಾಯ್ತು.