ಮಾಲು ಬಂತು, ಬಿಲ್ ಬರಲಿಲ್ಲ

ನಮ್ಮ ಓಣಿಯ ಹುಡುಗ ಮೊನ್ನೆ ಮುಖ ಸಣ್ಣ ಮಾಡಿಕೊಂಡು ಬಂದ. ಬಿ.ಇ. ಮುಗಿಸಿ, ಹುಬ್ಬಳ್ಳಿಯಲ್ಲೇ ಒಂದು ಕ್ಲಾಸಿಗೆ ದುಡ್ಡು ಸುರಿದು ಅಬಾಪ್ ಕಲಿತಿದ್ದಾನೆ, ಅಂದರೆ ಕಂಪನಿಗಳ ಲೆಕ್ಕ, ಸ್ಟಾಕ್ ನೋಡಿಕೊಳ್ಳುವ ಎಸ್‌ಎಪಿ ಸಾಫ್ಟ್‌ವೇರಿನ ಪ್ರೋಗ್ರಾಮಿಂಗ್ ಭಾಷೆ. "ಅಕ್ಕಾ, ಪ್ರೋಗ್ರಾಂ ಬರಿಯಾಕ ಬರತೈತ್ರಿ. ಆದ್ರ ಇಂಟರ್‌ವ್ಯೂದಾಗ, ಮಾಲು ಬಂದೈತಿ, ಬಿಲ್ ಬಂದಿಲ್ಲ, ಲೆಕ್ಕದಾಗ ಏನಾಗತೈತಿ ಅಂತ ಕೇಳಿದ್ರು. ಸುಮ್ನ ಕುಂತೆ."

ನನಗೆ ಸಿಟ್ಟು ಬಂದಿದ್ದು ಭಾಷೆ ಕಲಿಸಿ ವ್ಯವಹಾರ ಕಲಿಸದೆ ಬಿಟ್ಟವರ ಮೇಲೆ.

ಅಬಾಪ್ ಅಂಥ ಕಠಿಣ ಭಾಷೆ ಏನಲ್ಲ. ಎಸ್‌ಎಪಿ 1972ರಲ್ಲಿ ಜರ್ಮನಿಯಲ್ಲಿ ಶುರುವಾದ ಕಂಪನಿ. ಅಬಾಪ್ ಹುಟ್ಟಿದ್ದೇ ವ್ಯವಹಾರದ ವರದಿ ತೆಗೆಯಲು. ವಾಕ್ಯದ ಕೊನೆಗೆ ಚುಕ್ಕಿ ಇಡಬೇಕು, ನಾವು ಕನ್ನಡದಲ್ಲಿ ಇಟ್ಟ ಹಾಗೆ. ಮಾಹಿತಿ ಇಡುವ ಟೇಬಲ್‌ಗಳ ಹೆಸರು ಮಾತ್ರ ಮೊದಮೊದಲು ತಲೆ ತಿನ್ನುತ್ತವೆ. ಬಿಕೆಪಿಎಫ್ ಅಂದರೆ ವೋಚರಿನ ತಲೆ, ಬಿಎಸ್‌ಇಜಿ ಅಂದರೆ ಅದರ ಕೆಳಗಿನ ಸಾಲುಗಳು. ಜರ್ಮನ್ನಿನಲ್ಲಿ 'ಕೋಪ್ಫ್' ಅಂದರೆ ತಲೆ ಅಂತ ಒಬ್ಬರು ಹೇಳಿದ್ದರೆ ನನಗೆ ಬಾಯಿಪಾಠ ಮಾಡುವ ಕೆಲಸ ತಪ್ಪುತ್ತಿತ್ತು.

ಕಠಿಣ ಇರುವುದು ವ್ಯವಹಾರ. ಮಾಲು ಗೋದಾಮಿಗೆ ಬಂದ ಕೂಡಲೇ ಸ್ಟಾಕ್ ಏರುತ್ತದೆ. ಆದರೆ ಬಿಲ್ ಬರುವ ತನಕ ಆ ಮೊತ್ತ ಮಾರಿದವನ ಖಾತೆಗೆ ಹೋಗುವುದಿಲ್ಲ, ಜಿಆರ್-ಐಆರ್ (ಗೂಡ್ಸ್ ರಿಸೀಟ್-ಇನ್‌ವಾಯ್ಸ್ ರಿಸೀಟ್) ಅನ್ನುವ ನಡುವಿನ ಖಾತೆಯಲ್ಲಿ ಕೂತಿರುತ್ತದೆ. ಬಿಲ್ ಬಂದಾಗ ಅಲ್ಲಿಂದ ಏಳುತ್ತದೆ. ಇದನ್ನು ನಾನು ಒಂದು ವಾರ ತಿಣುಕಾಡಿ ಅರ್ಥ ಮಾಡಿಕೊಂಡು, ಹೆಮ್ಮೆಯಿಂದ ಅಪ್ಪನಿಗೆ ವಿವರಿಸಿದೆ. ಅಪ್ಪ ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. "ಅನಾಮತ್ತು ಖಾತೆ ಅನ್ನವಾ ಅದಕ್ಕ," ಅಂದು ಚಹಾ ಕುಡಿದರು. ಅಷ್ಟೇ.

ಹಾಗಂತ ಭಾಷೆಯನ್ನು ಹಗುರ ಮಾಡಬೇಡಿ. ಟೇಬಲ್‌ನಿಂದ ಮಾಹಿತಿ ತೆಗೆಯುವಾಗ ಬರೆಯುವ 'ಫಾರ್ ಆಲ್ ಎಂಟ್ರೀಸ್' ಅಂತ ಒಂದು ಷರತ್ತು ಇದೆ. ಕೈಯಲ್ಲಿರುವ ಪಟ್ಟಿಯಲ್ಲಿ ಇರುವುದಕ್ಕಷ್ಟೇ ಹೊಂದುವ ಸಾಲು ತಂದುಕೊಡುತ್ತದೆ. ಪಟ್ಟಿ ಖಾಲಿ ಇದ್ದರೆ ಏನೂ ತರಲ್ಲ ಅಂದುಕೊಂಡಿದ್ದೆ. ಇಡೀ ಟೇಬಲನ್ನೇ ಎತ್ತಿಕೊಂಡು ಬಂತು! ಸರ್ವರ್ ನಿಂತಿತು, ಮ್ಯಾನೇಜರ್ ಬೈಗುಳ ನಿಲ್ಲಲಿಲ್ಲ. ಪಟ್ಟಿ ಖಾಲಿಯೋ ಅಂತ ಮೊದಲು ನೋಡುವ ಒಂದು ಸಾಲನ್ನು ಅವತ್ತಿನಿಂದ ಮರೆತಿಲ್ಲ.

ಎಸ್‌ಎಪಿಯ ಹಳೆಯ ಆವೃತ್ತಿ ಇಸಿಸಿಗೆ ಮಾಮೂಲಿ ಬೆಂಬಲ ಹೆಚ್ಚೆಂದರೆ 2027ರ ಕೊನೆಯ ತನಕ, ಕಂಪನಿಗಳು ಹೊಸ ಆವೃತ್ತಿ ಎಸ್/4 ಹಾನಾಗೆ ಹೋಗುತ್ತಿವೆ. ಹಳೆಯ ಪ್ರೋಗ್ರಾಂಗಳನ್ನು ತಿದ್ದುವ ಕೆಲಸ ಇದ್ದೇ ಇದೆ. ಆದರೆ ಯಾವ ಸಾಲು ಯಾಕಿದೆ ಅಂತ ತಿಳಿಯದವನು ಏನು ತಿದ್ದುತ್ತಾನೆ, ಅಲ್ವಾ?

ಹುಡುಗನ ಸೋದರಮಾವನದು ಅಮರಗೋಳದ ಎಪಿಎಂಸಿಯಲ್ಲಿ ಅಂಗಡಿ ಇದೆ. ಹದಿನೈದು ದಿನ ಅಲ್ಲಿ ಕೂತು ಬಾ ಅಂದೆ. ಸೋಮವಾರದಿಂದ ಹೋಗುತ್ತಿದ್ದಾನೆ. ಮೊದಲ ದಿನ ಚೀಲ ಎಣಿಸಲು ಹಚ್ಚಿದರಂತೆ. ಎರಡು ಕಡಿಮೆ ಬಂದವಂತೆ.